ಶೆಟ್ಟೆವ್ವನ ಸಾಕ್ಷಿ

ತಿನ್ನುವುದು ಎಂಬ ಕ್ರಿಯಾಪದದ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಿಂದಗಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವನು ನಾನು, ಗುರಪ್ಪ ಮಾಸ್ತರ. ಲಂಚ ತಿನ್ನುತ್ತಾರೆ, ಏಟು ತಿನ್ನುತ್ತಾರೆ, ತಲೆ ತಿನ್ನುತ್ತಾರೆ. ನಮ್ಮ ಕಡೆ ಇನ್ನೊಂದು ತಿನ್ನುವುದಿದೆ. ಎಳೆಗೂಸನ್ನು ಕಳೆದುಕೊಂಡ ಹೆಂಗಸನ್ನು "ಮಗನ್ನ ತಿಂದಾಕಿ" ಅನ್ನುತ್ತಾರೆ. ಗಂಡ ಸತ್ತರೆ "ಗಂಡನ್ನ ತಿಂದಾಕಿ". ಅವಳೇನೂ ಮಾಡಿರುವುದಿಲ್ಲ. ಅವರು ಸತ್ತಿರುತ್ತಾರೆ, ಅವಳು ಬದುಕಿರುತ್ತಾಳೆ, ಅಷ್ಟೇ ಅವಳ ತಪ್ಪು. ಅದು ಬೈದವರಿಗೂ ಗೊತ್ತು, ಬೈಸಿಕೊಂಡವಳಿಗೂ ಗೊತ್ತು. ಕೆಲವರು ಅದನ್ನು ಎಷ್ಟು ವರ್ಷ ಕೇಳಿರುತ್ತಾರೆಂದರೆ, ಕಡೆಗೆ ತಮ್ಮ ಬಗ್ಗೆ ತಾವೇ ಹಾಗೆ ಹೇಳಿಕೊಳ್ಳತೊಡಗುತ್ತಾರೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಗೊತ್ತಿರಲಿಲ್ಲ ಎಂದು ಆಮೇಲೆ ನಾನು ತಪ್ಪಿಸಿಕೊಳ್ಳಬಾರದು.

ನಿವೃತ್ತಿಯಾದ ಮೇಲೆ ನಾನು ಊರೂರಿಗೆ ಪುಸ್ತಕ ಒಯ್ಯುವ ಚೀಲ ಹೊತ್ತೆ. ನಮ್ಮದು ಅಜ್ಜನ ಕಾಲದಿಂದ ಕ್ರೈಸ್ತ ಮನೆತನ, ಹೆಸರು ಮಾತ್ರ ಊರಿನದೇ ಉಳಿದಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ನಮ್ಮವರ ಮನೆಗಳು ಅಲ್ಲೊಂದು ಇಲ್ಲೊಂದು ಇವೆ. ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ಕೂಡಿ ಕೂತು ಒಂದು ಪ್ರಾರ್ಥನೆ, ಒಂದು ಹಾಡು, ಒಂದಿಷ್ಟು ಓದು ಮುಗಿಸುವುದು ಅವರ ರೂಢಿ. ಓದಲು ಪುಸ್ತಕಗಳಿರಲಿಲ್ಲ ಎಂದಲ್ಲ. ಇದ್ದವೆಲ್ಲ ದಕ್ಷಿಣದವರು ಇಂಗ್ಲಿಷಿನಿಂದ ಇಳಿಸಿದವು. ಅವುಗಳಲ್ಲಿ ಹಿಮ ಬೀಳುತ್ತಿತ್ತು, ಮಕ್ಕಳು ಸ್ಲೇಟು ಹೊದಿಸಿದ ಮಾಳಿಗೆಯ ಮೇಲೆ ಪಾರಿವಾಳ ಸಾಕುತ್ತಿದ್ದರು. ನಮ್ಮ ಮಂದಿ ಭಕ್ತಿಯಿಂದ ಆಕಳಿಸುತ್ತಿದ್ದರು.

ಅದಕ್ಕೇ ನಾನು 'ಸಂಜೆಯೋದು' ಎಂಬ ನಲವತ್ತೆಂಟು ಪುಟದ ಪುಸ್ತಕವನ್ನು ಶುರುಮಾಡಿದೆ. ವರ್ಷಕ್ಕೆ ಎರಡು. ಮಕ್ಕಳಿಗೊಂದು ಚಿತ್ರಕಥೆ, ಕಷ್ಟದಲ್ಲಿದ್ದವರಿಗೆ ನಾಲ್ಕು ಪ್ರಾರ್ಥನೆ, ಎಲ್ಲರೂ ಕೂಡಿ ನಗಲಿಕ್ಕೆ ಒಂದು ತಮಾಷೆ, ಕೊನೆಗೆ ನಮ್ಮವರೇ ಒಬ್ಬರ ಸಾಕ್ಷಿ. ದೇವರು ತನ್ನ ಬಾಳಿನಲ್ಲಿ ಏನು ಮಾಡಿದ ಎಂದು ಒಬ್ಬರು ಎದ್ದು ನಿಂತು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಅನ್ನುತ್ತಾರೆ. ಪುಸ್ತಕದಿಂದ ಒಳ್ಳೆಯದೂ ಆಗಿದೆ. ಮುದ್ದೇಬಿಹಾಳದ ಒಬ್ಬ ದರ್ಜಿ ಅದರ ಒಂದು ಪುಟ ಓದಿ ಬಾವಿಯ ಕಟ್ಟೆಯಿಂದ ಇಳಿದು ಮನೆಗೆ ಬಂದೆ ಎಂದು ನನ್ನ ಕೈ ಹಿಡಿದುಕೊಂಡು ಅತ್ತಿದ್ದಾನೆ. ಅದನ್ನು ನಾನು ಸುಳ್ಳು ಎನ್ನಲಾರೆ.

ಆದರೆ ಮಂದಿ ಪುಸ್ತಕವನ್ನು ಹಿಂದಿನಿಂದ ಓದುತ್ತಾರೆ, ಸಾಕ್ಷಿಯಿಂದ. ಕುಡಿತ ಬಿಟ್ಟವನ ಸಾಕ್ಷಿ ಓಡುತ್ತದೆ. ಕುಡಿದು ಹೆಂಡತಿಯ ಕೈ ಮುರಿದು ಆಮೇಲೆ ಬಿಟ್ಟವನದು ಇನ್ನೂ ಚೆನ್ನಾಗಿ ಓಡುತ್ತದೆ. ಮೊಣಕಾಲು ನೋವು ವಾಸಿಯಾದ ಮುದುಕಿಯ ಸಾಕ್ಷಿ ಯಾರಿಗೂ ಬೇಡ. ಹುಣ್ಣು ದೊಡ್ಡದಿದ್ದಷ್ಟೂ ಮುಲಾಮಿಗೆ ಮರ್ಯಾದೆ. ಇದನ್ನು ನಾನು ಐದಾರು ಸಂಚಿಕೆಯಲ್ಲಿ ಕಲಿತುಕೊಂಡೆ.

ಶೆಟ್ಟೆವ್ವ ನನಗೆ ಸಿಕ್ಕಿದ್ದು ಬಾಗೇವಾಡಿ ತಾಲೂಕಿನ ಮಸೂತಿ ಎಂಬ ಊರಿನಲ್ಲಿ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನಲವತ್ತೈದು ದಾಟಿದ ವಿಧವೆ, ಅಕ್ಷರ ಬಾರದವಳು. ಒಬ್ಬಳೇ ಮಗಳು ಐಶ್ವರ್ಯ. ಅವಳನ್ನು ಇಂಡಿಯ ಒಳ್ಳೆಯ ಮನೆಗೆ ಕೊಟ್ಟಿದ್ದಳು. ಮಗಳು ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೇ ಬರುವವಳಿದ್ದಳು. ನಾನು ಹೋದ ದಿನ ಶೆಟ್ಟೆವ್ವ ಹಳೆಯ ಸೀರೆಗಳನ್ನು ಹರಿದು ಕೌದಿ ಹೊಲಿಯುತ್ತ ಕೂತಿದ್ದಳು. ಬಾಣಂತಿಯ ಅಂಟಿನುಂಡೆಗೆ ಕೊಬ್ಬರಿ ತಂದಿಟ್ಟಾಗಿದೆ, ತೊಟ್ಟಿಲಿಗೆ ಹೊಸ ಹಗ್ಗ ಹಾಕಿಸಿದ್ದಾಗಿದೆ. ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಸಾಕ್ಷಿ ಕೊಡಬೇಕು ಎಂದಾಗ ಅವಳು ನಕ್ಕಳು.

"ಸಾಕ್ಷಿ ಹೇಳಾಕ ಕೋರ್ಟಿಗಿ ಬರಬೇಕೇನ್ರಿ ಮಾಸ್ತರ?"

"ಇಲ್ಲೇ ಹೇಳ ತಂಗಿ. ನಾ ಬರ್ಕೋತೇನಿ."

"ಕೋರ್ಟಿನಾಗ ಹೇಳಿದಂಗ ಖರೇನ ಹೇಳಬೇಕಲ್ರಿ?"

"ಖರೇನ ಹೇಳಬೇಕು," ಎಂದೆ.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹೇಳಿದಳು. "ಚೊಚ್ಚಲ ಮಗನ್ನ ತಿಂದಾಕ್ರಿ ನಾ. ಆಗ ಹಳೇ ಕೊಲ್ಹಾರದಾಗಿದ್ವಿ. ಎಂಟ ತಿಂಗಳದ ಕೂಸು. ಮೂರ ದಿನ ಜ್ವರ ಸುಡಾಕತ್ತಿತ್ತು. ಮನ್ಯಾವ್ರು ದುಡ್ಯಾಕ ಹೋಗಿದ್ರು. ಅತ್ತಿ, ತಾನ ಇಳೀತೈತಿ ಬಿಡು ಅಂದ್ರು. ನಾ ಕೇಳಲಿಲ್ಲ, ಎತ್ಕೊಂಡ ದವಾಖಾನಿಗಿ ಹೋಗಾಕಂತ ಬಸ್ಸಿಗಿ ನಿಂತ್ನಿ. ಬಸ್ಸ ಬರಲಿಲ್ರಿ. ಬರತೈತಿ, ಬರತೈತಿ ಅಂತ ಕುಂತ್ನಿ. ಮಧ್ಯಾಹ್ನಕ್ಕ ತೊಡಿ ಮ್ಯಾಲ ತಣ್ಣಗಾತು."

ಅತ್ತೆ ಬದುಕಿರುವ ತನಕ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲವಂತೆ. "ಮಗನ್ನ ತಿಂದಾಕಿ, ನೀರ ತಾ. ಮಗನ್ನ ತಿಂದಾಕಿ, ರೊಟ್ಟಿ ಬಡಿ." ಆಮೇಲೆ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು, ನೆರೆಹೊರೆಯವರು ಚದುರಿದರು, ಇವರು ಮಸೂತಿಗೆ ಬಂದರು. ಐಶ್ವರ್ಯ ಹುಟ್ಟಿದಳು. ಗಂಡ, ಅತ್ತೆ ಇಬ್ಬರೂ ಹೋದರು. ಬೈಯುವವರು ಹೋದರೂ ಬೈಗುಳ ಅವಳ ಬಾಯಲ್ಲೇ ಉಳಿಯಿತು. ಅಣ್ಣ ಹೇಗೆ ಸತ್ತ ಎಂದು ಮಗಳು ಕೇಳಿದರೆ, "ನಾ ತಿಂದ್ನಿ, ಸುಮ್ಮನಿರು" ಎಂದು ಮಾತು ಮುಗಿಸಿಬಿಡುತ್ತಿದ್ದಳು. ಹೀಗೇ ಒಂದು ದಿನ ಪ್ರಾರ್ಥನೆಗೆ ಬಂದ ಒಬ್ಬ ಮುದುಕಿ ಇವಳ ಎರಡೂ ಕೈ ಹಿಡಿದು ಒಂದು ಮಾತು ಹೇಳಿದಳು.

"'ನೀ ತಿಂದಿಲ್ಲ ಶೆಟ್ಟೆವ್ವ, ಜ್ವರ ತಿಂದೈತಿ' ಅಂದ್ರು ನೋಡ್ರಿ ಮಾಸ್ತರ. ಯಾರೂ ಹಂಗ ಅಂದಿರಲಿಲ್ಲ. ಅವತ್ತ ನಾ ಇಪ್ಪತ್ತ ವರ್ಷದ ಮ್ಯಾಲ ಮಕ್ಕೊಂಡ ನಿದ್ದಿ ಮಾಡಿದ್ನಿ. ಅದ ನನ್ನ ಸಾಕ್ಷಿ."

ಒಳ್ಳೆಯ ಸಾಕ್ಷಿ. ಅವಳು ಹೇಳಿದಂತೆಯೇ ಬರೆದುಕೊಂಡೆ, ಪ್ರೆಸ್ಸಿಗೂ ಹಾಗೆಯೇ ಕಳಿಸಿದೆ. ಫೋಟೋ ಬೇಕು ಎಂದಿದ್ದಕ್ಕೆ ಶೆಟ್ಟೆವ್ವ ಮಗಳ ಮದುವೆಯ ಹಸಿರು ಸೀರೆ ಉಟ್ಟು ಬಾಗೇವಾಡಿಗೆ ಹೋಗಿ ತೆಗೆಸಿಕೊಂಡು ಬಂದಳು.

ಪ್ರೆಸ್ಸು ದಕ್ಷಿಣದ ಒಂದು ಊರಿನಲ್ಲಿತ್ತು. ಅಲ್ಲಿ ಪುಟ ಜೋಡಿಸುವ ಹೆಣ್ಣುಮಗಳೊಬ್ಬಳು ಫೋನು ಮಾಡಿದಳು. "ಸಾರ್, ಕೊನೇ ಲೇಖನದಲ್ಲಿ 'ಮಗನನ್ನು ತಿಂದೆ' ಅಂತ ಇದೆ. ಏನ್ ಸಾರ್, ಬೇಯಿಸಿಕೊಂಡು ತಿಂದ್ರಾ?" ಅವಳ ಹಿಂದೆ ಯಾರೋ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅದು ನಮ್ಮ ಕಡೆಯ ಮಾತಿನ ರೀತಿ ಎಂದು ವಿವರಿಸಿದೆ. "ಹಾಗಾದ್ರೆ 'ಕಳೆದುಕೊಂಡೆ' ಅಂತ ಹಾಕ್ಲಾ ಸಾರ್? ಎಲ್ಲರಿಗೂ ಅರ್ಥ ಆಗುತ್ತೆ," ಎಂದಳು.

ಅದೇ ಸರಿಯಾದ ಶಬ್ದ. ಆದರೆ ಅದನ್ನು ಅವಳು ಹೇಳಿದಳಲ್ಲ. ಮೂವತ್ತೊಂದು ವರ್ಷ ಸಾವಿರಾರು ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಗೆರೆ ಎಳೆದವನು, ನನ್ನ ವಾಕ್ಯವನ್ನು ಅವಳಿಂದ ತಿದ್ದಿಸಿಕೊಳ್ಳಬೇಕೇ? "ಛತ್ರಿ ಕಳೆದುಕೊಳ್ಳುತ್ತಾರೆ, ಬಸ್ಸಿನ ಪಾಸು ಕಳೆದುಕೊಳ್ಳುತ್ತಾರೆ. ಕೂಸಿಗೆ ಆ ಶಬ್ದ ಸಾಲುವುದಿಲ್ಲ. 'ಕೊಂದೆ' ಅಂತ ಹಾಕಿ," ಎಂದೆ. ಅವಳು "ಆಯ್ತು ಸಾರ್" ಎಂದಳು. ನನಗೆ ಗೆದ್ದ ಹಾಗೆ ಅನ್ನಿಸಿತು.

'ಕೊಂದೆ' ಬಂದು ಕೂತ ಮೇಲೆ ಉಳಿದದ್ದು ಹೊಂದಲಿಲ್ಲ. ಕೊಂದವಳಿಗೆ ಜ್ವರ ಯಾಕೆ? ಜ್ವರವನ್ನು ತೆಗೆದೆ. ಬಸ್ಸನ್ನು ತೆಗೆದೆ. "ನೀ ತಿಂದಿಲ್ಲ" ಎಂದ ಮುದುಕಿಯನ್ನೂ ತೆಗೆದೆ, ಕೊಂದವಳಿಗೆ ಹಾಗೆ ಹೇಳುವುದು ಅಸಂಬದ್ಧ. ಅದರ ಜಾಗದಲ್ಲಿ ಅವಳ ಕೈಗಳನ್ನು ತೊಳೆಯುವ ಕರ್ತನಾದ ದೇವರನ್ನು ತಂದಿಟ್ಟೆ. ಕೂತಲ್ಲಿಂದ ಏಳದೆ ಒಂದೂವರೆ ಪುಟ ಬರೆದೆ. ಬರೆಯುವಾಗ ಬೆರಳು ನಿಲ್ಲಲೇ ಇಲ್ಲ. ಓದಿ ನೋಡಿದೆ, ನನಗೇ ಮೈ ಜುಮ್ಮೆಂದಿತು. ಹೆಸರು ಬದಲಿಸಬಹುದಿತ್ತು. ಆದರೆ ಹೆಸರಿಲ್ಲದ ಸಾಕ್ಷಿಯನ್ನು ಯಾರು ನಂಬುತ್ತಾರೆ? ಫೋಟೋ ಬೇರೆ ಚೆನ್ನಾಗಿ ಬಂದಿತ್ತು.

ಇನ್ನೊಂದು ಮಾತು. ದಕ್ಷಿಣದಲ್ಲಿ 'ಸಂಜೆಯೋದು' ಕೊಂಡವರು ಒಬ್ಬರೂ ಇಲ್ಲ. ಅದನ್ನು ಓದುವವರೆಲ್ಲ ನಮ್ಮ ನಾಲ್ಕು ತಾಲೂಕಿನವರೇ. 'ತಿಂದೆ' ಎಂದಿದ್ದರೆ ಇವರಲ್ಲಿ ಒಬ್ಬರೂ ತಪ್ಪು ತಿಳಿಯುತ್ತಿರಲಿಲ್ಲ.

ಪುಸ್ತಕ ಬಂದ ವಾರ ಮಸೂತಿಗೆ ಹೋಗಿ ಐದು ಪ್ರತಿ ಕೊಟ್ಟೆ. ಶೆಟ್ಟೆವ್ವ ಅಕ್ಷರಗಳನ್ನು ಬಿಟ್ಟು ತನ್ನ ಫೋಟೋವನ್ನೇ ನೋಡಿದಳು, ಸೆರಗಿನಿಂದ ಒರೆಸಿದಳು. ನಾನು ಇಂಡಿಗೆ ಹೊರಟಿದ್ದೇನೆ ಎಂದು ತಿಳಿದು, ಮಗಳಿಗೆಂದು ಒಂದು ಪ್ರತಿಯನ್ನೂ ಹುಟ್ಟುವ ಕೂಸಿಗೆಂದು ತಾನು ಹೊಲಿದ, ತಲೆ ಮುಚ್ಚುವ ಕುಂಚಿಗೆಯನ್ನೂ ಕೊಟ್ಟಳು. "ಬೀಗತಿ ಮನ್ಯಾಗ ಎಲ್ಲಾರೂ ಕುಂತಾಗ ನನ್ನ ಮಗಳ ಕಡೀಂದನ ಓದಿಸ್ರಿ. ಅಕಿ ಧ್ವನಿ ಛಲೋ ಐತಿ," ಎಂದಳು.

ಇಂಡಿಯ ಮನೆ ಊರ ಹೊರಗೆ, ಲಿಂಬೆಯ ತೋಟದಲ್ಲಿ. ಯಜಮಾನಿ ಇಂದ್ರಾಬಾಯಿ, ಐಶ್ವರ್ಯಳ ಅತ್ತೆ. ನಾಲ್ಕು ತಾಲೂಕಿನ ಹೆಣ್ಣುಮಕ್ಕಳ ಪ್ರಾರ್ಥನಾ ಕೂಟಕ್ಕೆ ಆಕೆಯೇ ಹಿರಿಯಳು. ಕೆಟ್ಟವಳಲ್ಲ. ಆಡಿದ ಮಾತಿಗೆ ನಿಲ್ಲುವವಳು, ಉಳಿದವರೂ ನಿಲ್ಲಬೇಕು ಎನ್ನುವವಳು. ಅಚ್ಚಾದ ಅಕ್ಷರವೆಂದರೆ ಆಕೆಗೆ ದೇವರ ಕೈಯ ಸಹಿ ಇದ್ದ ಹಾಗೆ.

ನಾನು ಹೋದಾಗ ಮನೆಮಂದಿ ಓದಿಗೆ ಕೂತಾಗಿತ್ತು. ದೊಡ್ಡ ಮಗನ ಮಕ್ಕಳು ನನ್ನ ಚೀಲಕ್ಕೆ ಮುಗಿಬಿದ್ದರು. ಮೊದಲು ಚಿತ್ರಕಥೆ. ಪ್ರಾರ್ಥನೆಯ ನಡುವೆ ಅರಚಿ ಎಲ್ಲರನ್ನೂ ನಗಿಸುವ ಕತ್ತೆಯ ಕಥೆಯನ್ನು ಐಶ್ವರ್ಯಳ ಗಂಡ ಕಾಂತು ಓದಿದ, ಕತ್ತೆಯ ಹಾಗೆ ಅರಚಿಯೂ ತೋರಿಸಿದ. ಮಕ್ಕಳು ನೆಲದ ಮೇಲೆ ಹೊರಳಾಡಿದವು. ಇಂದ್ರಾಬಾಯಿಯೂ ನಕ್ಕಳು. ಆ ನಗುವಿನ ನಡುವೆ ಕೂತು ನಾನು ಇಂಥದ್ದಕ್ಕಾಗಿಯೇ ಅಲ್ಲವೇ ಚೀಲ ಹೊತ್ತಿದ್ದು ಎಂದುಕೊಂಡೆ.

ಏಳು ತಿಂಗಳ ಬಸುರಿ ಐಶ್ವರ್ಯ ಎದ್ದು ನಿಂತಳು. "ನಮ್ಮವ್ವನ ಫೋಟೋ ಬಂದೈತ್ರಿ ಅತ್ತಿ," ಎಂದು ಎಲ್ಲರಿಗೂ ತೋರಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದವು. ಆಮೇಲೆ ಅವಳು ಗಂಟಲು ಸರಿ ಮಾಡಿಕೊಂಡು ಓದಿದಳು: "ನನ್ನ ಹೆಸರು ಶೆಟ್ಟೆವ್ವ. ನನ್ನ ಚೊಚ್ಚಲ ಕೂಸನ್ನು ನಾನೇ ಕೊಂದೆ."

ನಿಂತಳು. ಮತ್ತೆ ಅದೇ ಸಾಲನ್ನು ಬಾಯೊಳಗೆ ಓದಿಕೊಂಡಳು. ಅವಳ ಕಣ್ಣು ಪುಟದಿಂದ ನನ್ನ ಕಡೆ ಬಂತು. ಆಗ ನಾನು, ಅದು ನನ್ನ ತಪ್ಪು, ಅವಳು ಹಾಗೆ ಹೇಳಿಲ್ಲ, ಅನ್ನಬಹುದಿತ್ತು. ಒಂದು ಉಸಿರಿನ ಮಾತು. ನಾನು ಕನ್ನಡಕ ಒರೆಸಿಕೊಂಡೆ.

"ನಡುವ ನಿಂದ್ರಬಾರದು," ಎಂದಳು ಇಂದ್ರಾಬಾಯಿ. "ಸಾಕ್ಷಿ ಹಿಡಿದ ಮ್ಯಾಲ ಪೂರಾ ಓದಬೇಕು. ಓದು."

ಐಶ್ವರ್ಯ ಓದಿದಳು. ಈ ಕೈಗಳು ಮಾಡಿದ್ದನ್ನು ಈ ಕೈಗಳೇ ಬಲ್ಲವು ಎಂಬಲ್ಲಿ ಧ್ವನಿ ಒಡೆಯಿತು, ಆದರೂ ಓದಿದಳು. ಒಂದೂವರೆ ಪುಟ. ಕೊನೆಯಲ್ಲಿ 'ಆಮೆನ್' ಎಂದಿತ್ತು. ಅವಳು ಆಮೆನ್ ಎಂದಳು, ರೂಢಿಯಂತೆ ಮಕ್ಕಳೂ ಸೇರಿ ಎಲ್ಲರೂ ಆಮೆನ್ ಎಂದರು. ಅವಳು ಪುಸ್ತಕ ಮುಚ್ಚಿ ಕೂಡಲಿಕ್ಕೆ ಹೋಗಿ ಗೋಡೆ ಹಿಡಿದುಕೊಂಡಳು.

ಇಂದ್ರಾಬಾಯಿ ನನ್ನನ್ನು ಕೇಳಿದಳು. "ಇದು ಖರೇನ್ರಿ ಮಾಸ್ತರ?"

"ಅಕಿ ಬಾಯಿಲೆ ಹೇಳಿದ್ದ ಬರದೇನ್ರಿ," ಎಂದೆ.

ಬಾಯಿಂದಲೇ ಹೇಳಿದ್ದಳಲ್ಲ, ಅಷ್ಟು ಮಾತ್ರ ಸುಳ್ಳಲ್ಲ. ಇಂದ್ರಾಬಾಯಿ ಪುಸ್ತಕವನ್ನು ತನ್ನ ಕೈಗೆ ತೆಗೆದುಕೊಂಡಳು. ನಂತರ ಹೇಳಿದಳು: "ಬಾಳ ಛಲೋ ಬರದೀರಿ. ಇಂಥಾಕಿನೂ ದೇವರು ಕೈ ಬಿಡಲಿಲ್ಲ ನೋಡ್ರಿ. ಮುದ್ದೇಬಿಹಾಳದ ಕೂಟದಾಗ ಇದನ್ನ ಓದಸ್ತೇನಿ. ನಿಮಗ ಶಾಲು ಹೊಚ್ಚಬೇಕು." ನನಗೆ ಖುಷಿಯಾಯಿತು. ಗೋಡೆ ಹಿಡಿದು ನಿಂತವಳು ಕಣ್ಣೆದುರಿಗೇ ಇದ್ದಳು, ಆದರೂ ನನಗೆ ಖುಷಿಯಾಯಿತು. ಆಮೇಲೆ ಇಂದ್ರಾಬಾಯಿ ಸೊಸೆಯ ಕಡೆ ತಿರುಗಿ ಅಷ್ಟೇ ಸಮಾಧಾನದಿಂದ, "ಹೆರಗಿ ಇಲ್ಲೇ ಆಗಲಿ," ಎಂದಳು. "ದೇವರು ಕ್ಷಮಾ ಮಾಡ್ಯಾನ, ನಾವೂ ಮಾಡೇವಿ. ಆದ್ರ ಕೂಸಿನ್ನ ಆ ಕೈಯಾಗ ಕೊಡಾಕ ಆಗೂದಿಲ್ಲ." ಶೆಟ್ಟೆವ್ವ ಕಳಿಸಿ ನಾನು ತಂದುಕೊಟ್ಟ ಕುಂಚಿಗೆಯನ್ನು ಎರಡು ಬೆರಳಿನಲ್ಲಿ ಎತ್ತಿ ನನ್ನ ಚೀಲಕ್ಕೇ ಹಾಕಿದಳು. ಕಾಂತು ತಲೆ ತಗ್ಗಿಸಿ ಕೂತಿದ್ದ.

ನಾಲ್ಕನೆಯ ದಿನ ಶೆಟ್ಟೆವ್ವ ಸಿಂದಗಿಯ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಬೀಗತಿ ಫೋನಿನಲ್ಲಿ ಹೆರಿಗೆಗೆ ಕಳಿಸುವುದಿಲ್ಲ ಎಂದಿದ್ದಳು. ಯಾಕೆ ಎಂದರೆ ನಿನ್ನ ಪುಸ್ತಕ ಓದಿಸಿ ಕೇಳು ಎಂದಿದ್ದಳು. ಶಾಲೆಯಲ್ಲಿ ಕಲಿಸುವ ಅಕ್ಕೋರು ಓದಿ ಹೇಳಿದ್ದರು. ಅವಳು ಕೂಗಾಡಬಹುದು ಎಂದು ನಾನು ಹೆಂಡತಿಯನ್ನು ಒಳಗೆ ಕಳಿಸಿದ್ದೆ. ಅವಳು ಕೂಗಾಡಲಿಲ್ಲ. ಪುಸ್ತಕ ಬಿಚ್ಚಿ ನನ್ನ ಮುಂದೆ ಹಿಡಿದಳು.

"ಎಲ್ಲೈತ್ರಿ ಅದು? ತೋರಿಸ್ರಿ."

ನಾನು ಬೆರಳಿಟ್ಟು ತೋರಿಸಿದೆ. ಅವಳು ಅದರ ಮೇಲೆ ತನ್ನ ಹೆಬ್ಬೆರಳು ಇಟ್ಟಳು. ಶಬ್ದ ಪೂರ್ತಿ ಮುಚ್ಚಿಹೋಯಿತು.

"ಇಷ್ಟ ಸಣ್ಣದೇನ್ರಿ?" ಎಂದಳು. ಹೆಬ್ಬೆರಳು ಎತ್ತದೆಯೇ ಕೇಳಿದಳು: "ಜ್ವರ ಎಲ್ಲೈತ್ರಿ ಇದರಾಗ?"

"ಜ್ವರ ಇಲ್ಲ."

"ಬಸ್ಸ?"

"ಜಾಗಾ ಸಾಲಲಿಲ್ಲ ತಂಗಿ."

"ಆ ಮುದುಕಿ ಹೇಳಿದ ಮಾತರ ಐತೇನ್ರಿ?"

ಅವಳು ಪುಸ್ತಕ ಮಡಿಚಿ ಸೆರಗಿನಲ್ಲಿ ಕಟ್ಟಿಕೊಂಡಳು. "ನಿಮ್ಮನ್ನ ಬೈಯೂದಿಲ್ರಿ ಮಾಸ್ತರ. ಓದಿದವರು ನೀವು, ಏನರ ಕಾರಣ ಇದ್ದೀತು. ಇಂಡಿಗಿ ಬಂದ ಒಂದ ಮಾತ ಹೇಳ್ರಿ, ಸಾಕು. ನನ್ನ ಮಗಳ ಬಾಣಂತನ ನಾ ಮಾಡಬೇಕ್ರಿ. ಹುಟ್ಟೂ ಕೂಸಿಗಿ ನಾ ನೀರ ಎರೀಬೇಕ್ರಿ. ನನಗ ಬ್ಯಾರೆ ಏನೂ ಬ್ಯಾಡ."

ಬರುತ್ತೇನೆ ಎಂದೆ. ಮುದ್ದೇಬಿಹಾಳದ ಕೂಟ ಒಂದು ಮುಗಿಯಲಿ ಎಂದೆ. ಈಗ ಪುಸ್ತಕದಲ್ಲಿ ತಪ್ಪಿದೆ ಎಂದರೆ ಅಲ್ಲಿ ನನ್ನ ಹೆಸರು ಕರೆಯುವವರು ಯಾರು? ಅದನ್ನು ಅವಳಿಗೆ ಹೇಳಲಿಲ್ಲ, ಆದರೆ ಕಾರಣ ಅದೇ. ಅವಳು ಇನ್ನೂ ಎರಡು ಸಲ ಬಂದಳು. ಒಂದು ಸಲ ನಾನು ಮನೆಯಲ್ಲಿದ್ದೂ ಇಲ್ಲ ಎಂದು ಹೆಂಡತಿಯಿಂದ ಹೇಳಿಸಿದೆ. ಕೂಟ ನಡೆಯಿತು. ಮುನ್ನೂರು ಜನರ ಮುಂದೆ ಶೆಟ್ಟೆವ್ವನ ಸಾಕ್ಷಿಯನ್ನು ಮೈಕಿನಲ್ಲಿ ಓದಿದರು, ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು, ನನಗೆ ಶಾಲು ಹೊದಿಸಿದರು. ಮಸೂತಿಯಲ್ಲಿ ಶೆಟ್ಟೆವ್ವ ಬಡಿಸಿದ ಅನ್ನವನ್ನು ಕೆಲವು ಮಕ್ಕಳು ಮುಟ್ಟದೆ ಎದ್ದು ಹೋದರು ಎಂದು ಆಮೇಲೆ ಗೊತ್ತಾಯಿತು.

ನಾವಿಬ್ಬರೂ ಇಂಡಿಗೆ ಹೋಗುವ ಹೊತ್ತಿಗೆ ಕೂಸು ಹುಟ್ಟಿ ಹನ್ನೆರಡು ದಿನವಾಗಿತ್ತು. ಗಂಡು. ಶೆಟ್ಟೆವ್ವ ಹಸಿರು ಸೀರೆ ಉಟ್ಟು, ಅಂಟಿನುಂಡೆಯ ಡಬ್ಬಿ ಹಿಡಿದು ಬಂದಿದ್ದಳು. ದಾರಿಯುದ್ದಕ್ಕೂ ನನಗೆ ಹೇಳಿಕೊಟ್ಟಳು: "ಜ್ವರ ಬಂದಿತ್ತು ಅನ್ರಿ. ಬಸ್ಸ ಬರಲಿಲ್ಲ ಅನ್ರಿ. ಅಷ್ಟ ಅಂದ್ರ ಆತು." ನಾನು ಹೂಂಗುಟ್ಟಿದೆ. ಹೇಳಬೇಕೆಂದೇ ಹೊರಟಿದ್ದೆ, ದೇವರಾಣೆ.

ಇಂದ್ರಾಬಾಯಿ ಪಡಸಾಲೆಯಲ್ಲಿ ಚಾಪೆ ಹಾಸಿದಳು, ನೀರು ಕೊಟ್ಟಳು. ಒಳಕೋಣೆಯ ಹೊಸ್ತಿಲಿನಲ್ಲಿ ಐಶ್ವರ್ಯ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಂದು ಕೂತಳು. ಸೊರಗಿದ್ದಳು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಶೆಟ್ಟೆವ್ವನ ಕಣ್ಣು ಕೂಸಿನ ಕಾಲಿನ ಮೇಲೆ ನೆಟ್ಟಿತ್ತು.

"ಇಂದ್ರಾಬಾಯಿಯವರ," ಎಂದು ಶುರುಮಾಡಿದೆ, "ಆ ಸಾಕ್ಷಿಯೊಳಗ ಒಂದ ಶಬ್ದ ಸ್ವಲ್ಪ ಆಚೀಚೆ ಆಗೇತ್ರಿ. ಅದು ಮಾತಿನ ರೀತಿ…"

"ಹಂಗಂದ್ರ ಪುಸ್ತಕದಾಗ ಸುಳ್ಳ ಐತೇನ್ರಿ?" ಇಂದ್ರಾಬಾಯಿ ನೇರವಾಗಿ ಕೇಳಿದಳು. "ಒಂದ ಸುಳ್ಳಾದ್ರ ಉಳಿದದ್ದು ಖರೆ ಅಂತ ನಾ ಹೆಂಗ ತಿಳೀಲಿ? ನಮ್ಮ ಮೈದುನ ನಿಮ್ಮ ಪುಸ್ತಕದಾಗಿನ ಸಾಕ್ಷಿ ಓದಿ ಕುಡಿಯೂದ ಬಿಟ್ಟಾನ. ಅವನಿಗಿ ಏನ ಹೇಳಲಿ? ಮುನ್ನೂರ ಮಂದಿ ಅತ್ತಾರ. ಅವರಿಗಿ ಏನ ಹೇಳಲಿ? ನೀವ ಹೇಳ್ರಿ, ಸುಳ್ಳ ಐತೇನು ಇಲ್ಲೇನು?"

ಹೆಗಲ ಮೇಲೆ ಅದೇ ಶಾಲು ಇತ್ತು, ನಾನೇ ಹಾಕಿಕೊಂಡು ಬಂದಿದ್ದೆ. ಎಂಟು ವರ್ಷದ ಪುಸ್ತಕಗಳು, ದರ್ಜಿಯ ಅಳು, ನಾಲ್ಕು ತಾಲೂಕಿನ ಮರ್ಯಾದೆ ಒಂದು ಕಡೆ. ಓದು ಬಾರದ ಒಬ್ಬ ಹೆಂಗಸು ಇನ್ನೊಂದು ಕಡೆ.

"ಸುಳ್ಳ ಇಲ್ರಿ," ಎಂದೆ.

ಶೆಟ್ಟೆವ್ವ ತಿರುಗಿ ನನ್ನನ್ನು ನೋಡಿದ್ದು ನನಗೆ ಗೊತ್ತಾಯಿತು. ನಾನು ನೀರಿನ ಚೊಂಬು ಎತ್ತಿಕೊಂಡೆ. ಇಂದ್ರಾಬಾಯಿಗೆ ನಿಜವಾಗಿಯೂ ಮರುಕ ಬಂದಿರಬೇಕು. ಅವಳು ಶೆಟ್ಟೆವ್ವನ ಎದುರಿಗೆ ಬಂದು ಕೂತಳು.

"ನೋಡ್ರಿ ಬೀಗತಿಯರ, ಅವತ್ತ ಫೋನಿನಾಗ ನಾನೂ ಸಿಟ್ಟಿಗೆದ್ದ ಮಾತಾಡೇನಿ. ಎರಡ ತಿಂಗಳ ಪ್ರಾರ್ಥನಾ ಮಾಡೇನಿ. ಪಾಪ ಮಾಡಿದ್ದು ದೊಡ್ಡದಲ್ಲ, ಮುಚ್ಚೂದು ದೊಡ್ಡದು. ಪುಸ್ತಕದಾಗ ಒಪ್ಪಿಕೊಂಡ ಈಗ ಇಲ್ಲ ಅಂದ್ರ ಅದೆಂಥಾ ಸಾಕ್ಷಿ? ಇಲ್ಲೆ, ಎಲ್ಲಾರ ಮುಂದ, ಹೌದು ಅನ್ರಿ. ಒಪ್ಪಿಕೊಂಡ್ರ ನಾನ ನಿಂತ ಕೂಸಿನ್ನ ನಿಮ್ಮ ಉಡ್ಯಾಗ ಕೊಡಸ್ತೇನಿ. ಇವತ್ತ ಇಲ್ಲೇ ಇರ್ರಿ, ನೀವ ಎರೀರಿ. ಇದು ನನ್ನ ಮಾತು."

ಶೆಟ್ಟೆವ್ವ ಏನೂ ತಿಳಿಯದವಳಂತೆ ಮತ್ತೆ ನನ್ನ ಕಡೆ ನೋಡಿದಳು. ಅವಳು ಹೌದು ಎಂದರೆ ಎಲ್ಲರದೂ ಸುಸೂತ್ರ. ಅವಳಿಗೆ ಕೂಸು ಸಿಗುತ್ತದೆ, ನನ್ನ ಪುಸ್ತಕ ಉಳಿಯುತ್ತದೆ. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ನನಗೆ ಆ ಗಳಿಗೆ ನಂಬಿಕೆಯೂ ಬಂತು. ಮೆಲ್ಲಗೆ ಹೇಳಿದೆ: "ಹೌದಂದ್ಬಿಡ ತಂಗಿ. ಏನ ಹೋಗೂದೈತಿ? ಕೂಸು ಸಿಗತೈತಿ."

ಕೂಸು ಸಣ್ಣಗೆ ಮುಲುಗಿತು. ಶೆಟ್ಟೆವ್ವನ ಕೈಗಳು ತಾವೇ ಮುಂದೆ ಬಂದವು.

"ಹೌದ್ರಿ," ಎಂದಳು. "ನನ್ನ ಚೊಚ್ಚಲ ಕೂಸನ್ನು ನಾನೇ ಕೊಂದೆ."

ಅಕ್ಕೋರು ಓದಿದ್ದನ್ನು ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಪುಸ್ತಕದಲ್ಲಿದ್ದ ಹಾಗೆಯೇ, ಒಂದಕ್ಷರ ತಪ್ಪದೆ, ಅಚ್ಚ ಗ್ರಾಂಥಿಕದಲ್ಲಿ ಹೇಳಿದಳು. ಇಂದ್ರಾಬಾಯಿ ಕಣ್ಣೊರೆಸಿಕೊಂಡು, "ಸ್ತೋತ್ರ," ಎಂದಳು. ಅವಳು ಕೊಟ್ಟ ಮಾತಿಗೆ ತಪ್ಪುವವಳಲ್ಲ. "ಐಶ್ವರ್ಯಾ, ಕೂಸಿನ್ನ ನಿಮ್ಮವ್ವನ ಉಡ್ಯಾಗ ಹಾಕು."

ಐಶ್ವರ್ಯ ಅಲುಗಾಡಲಿಲ್ಲ.

"ಕೊಡವ್ವ. ನಾ ಹೇಳಾಕತ್ತೇನಲ್ಲ."

"ಕೊಡೂದಿಲ್ರಿ ಅತ್ತಿ."

ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆ ಆಸರೆ ಮಾಡಿಕೊಂಡು ಎದ್ದಳು. ಮಾತಾಡಿದ್ದು ತಾಯಿಯ ಜೊತೆ. "ಎರಡ ತಿಂಗಳಾತು ಯವ್ವಾ. ಈ ಮನ್ಯಾಗ ಎಲ್ಲಾರ ಕೂಡ ಜಗಳಾಡೇನಿ. ನಮ್ಮವ್ವ ಹಂಗ ಮಾಡಾಕಿ ಅಲ್ಲ, ಪುಸ್ತಕ ಸುಳ್ಳ, ಮಾಸ್ತರ ಸುಳ್ಳ ಅಂತ ಅಂದೇನಿ. ಊಟಾ ಬಿಟ್ಟ ಕುಂತೇನಿ. ನೀ ಬಂದ ಇಲ್ಲ ಅಂದ್ರ ಕೂಸಿನ್ನ ಎತ್ಕೊಂಡ ನಿನ್ನ ಕೂಡ ಬಂದಬಿಡಬೇಕಂತ ಸೀರಿ ಅರಿವಿ ಗಂಟ ಕಟ್ಟಿ ಇಟ್ಟಿದ್ನಿ." ಅವಳು ಉಸಿರು ಎಳೆದುಕೊಂಡಳು. "ನೀನ ಹೌದಂದಿ."

"ಇಲ್ಲ ಮಗಳ, ಅವರು ಕೊಡ್ತೇವಂದ್ರು ಅಂತ…" ಶೆಟ್ಟೆವ್ವ ಎದ್ದಳು. ಡಬ್ಬಿ ಉರುಳಿ ಉಂಡೆಗಳು ಚಾಪೆಯ ಮೇಲೆಲ್ಲ ಹೋದವು. "ಜ್ವರ ಬಂದಿತ್ತ ಮಗಳ, ಸುಡಾಕತ್ತಿತ್ತು, ನಾ ಬಸ್ಸಿಗಿ…"

"ನಿಂದ್ರು. ಹತ್ತರ ಬರಬ್ಯಾಡ," ಎಂದಳು ಐಶ್ವರ್ಯ. ಹೆದರಿದ್ದಳು. ನಾನು ಅದನ್ನು ಕಣ್ಣಾರೆ ಕಂಡೆ, ಮಗಳು ತಾಯಿಗೆ ಹೆದರಿದ್ದನ್ನು. ಅವಳು ಒಳಗೆ ಹೋಗಿ ಬಾಗಿಲು ಹಾಕಿ ಅಗಳಿ ಜಡಿದಳು. ಇಂದ್ರಾಬಾಯಿ ಬಾಗಿಲು ತಟ್ಟಿದಳು, ಕರೆದಳು, ಗದರಿದಳು. ಒಳಗೆ ಕೂಸು ಅಳುತ್ತಿತ್ತು. ಬಾಗಿಲು ತೆರೆಯಲಿಲ್ಲ. ಶೆಟ್ಟೆವ್ವ ಮುಂದೆ ಚಾಚಿದ ಕೈ ಕೆಳಗಿಳಿಸದೆ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಕೂತು ಉಂಡೆಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ತುಂಬಿದಳು.

ಇಂದ್ರಾಬಾಯಿ ಚಹಾ ಕೊಟ್ಟಳು. ನಾನು ಕುಡಿದೆ.

ತೋಟದ ದಾರಿಯಲ್ಲಿ ಶೆಟ್ಟೆವ್ವ ನನ್ನ ಹಿಂದೆ ನಡೆಯುತ್ತಿದ್ದಳು. ಗಿಡಗಳ ಸಾಲು ಮುಗಿಯುವಲ್ಲಿ ನಿಂತಳು. ಅಳುತ್ತಿರಲಿಲ್ಲ. ಏನೋ ಲೆಕ್ಕ ತಪ್ಪಿದವಳ ಹಾಗೆ ಹುಬ್ಬು ಗಂಟಿಕ್ಕಿದ್ದಳು.

"ಮಾಸ್ತರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವು ಓದಿದವರು, ನೀವ ಬರದೀರಿ. ಬೀಗತಿಯರೂ ಹಂಗ ಅಂತಾರ. ನನ್ನ ಮಗಳೂ ನಂಬ್ಯಾಳ. ನಾ ಒಬ್ಬಾಕಿ ಇಲ್ಲ ಅಂದ್ರ ಹೆಂಗ್ರಿ? ಬಾಳ ವರ್ಷ ಆತು, ನನಗೂ ಎಲ್ಲಾ ನೆಪ್ಪಿಲ್ಲ." ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. "ಖರೇನ ಕೊಂದೇನೇನ್ರಿ ನಾ?"

ಹೇಳಬೇಕಾದ ಮಾತು ನನ್ನ ನಾಲಗೆಯ ಮೇಲೇ ಇತ್ತು. ಯಾವುದೋ ಮುದುಕಿ ಅವಳ ಕೈ ಹಿಡಿದು ಒಂದೇ ಒಂದು ಸಲ ಹೇಳಿದ್ದ ಮಾತು. ಅದನ್ನು ಹೇಳಿದರೆ, ಹಾಗಾದರೆ ಒಳಗೆ ಯಾಕೆ ಹೇಳಲಿಲ್ಲ ಎಂದು ಅವಳು ಕೇಳುತ್ತಿದ್ದಳು.

"ಹೊತ್ತಾತು, ನಡಿ ತಂಗಿ," ಎಂದೆ, ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ.